ಡುಬ್ಬಕ್ಕೆ ಹಿಡಿದ ಅಳತೆಪಟ್ಟಿ: ದನದ ತಳಿಗೂ ಮಾಂಸದ ಮೃದುತ್ವಕ್ಕೂ ಏನು ಸಂಬಂಧ?

ಬ್ರೆಜಿಲಿನ ವಿಯಾಟಿನಾ-19 ಎಂಬ ಹಸುವಿನ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಸುಣ್ಣ ಬಳಿದಂಥ ಬಿಳಿ ಮೈ, ಹೆಗಲ ಮೇಲೆ ಡುಬ್ಬ, ಕುತ್ತಿಗೆಯಡಿ ಜೋಲುವ ಗಂಗೆದೊಗಲು, ತೂಕ ಸುಮಾರು 1,100 ಕಿಲೋ. ನೆಲ್ಲೂರು ತಳಿಯ ಹಸು 40 ಕೋಟಿ ರೂಪಾಯಿಗೆ ಮಾರಾಟವಾಯಿತು ಎಂದು ನಮ್ಮಲ್ಲೂ ಸುದ್ದಿ ಹರಿದಾಡಿತು. ನಿಜ ಹೇಳಬೇಕೆಂದರೆ ಇಡೀ ಹಸು ಮಾರಾಟವಾಗಲೇ ಇಲ್ಲ. 2023ರ ಹರಾಜಿನಲ್ಲಿ ಕೈ ಬದಲಾದದ್ದು ಅದರ ಒಡೆತನದ ಮೂರನೇ ಒಂದು ಪಾಲು. ಆ ಪಾಲಿಗೆ ಬಂದ ಬೆಲೆಯನ್ನು ಮೂರರಿಂದ ಗುಣಿಸಿದಾಗ 40 ಲಕ್ಷ ಡಾಲರ್ ದಾಟಿತು, ಹಸು ಗಿನ್ನೆಸ್ ದಾಖಲೆ ಸೇರಿತು.

ಸುದ್ದಿ ಓದಿದವರು ಮೊದಲು ಕೇಳುವುದು, ಅದು ದಿನಕ್ಕೆ ಎಷ್ಟು ಲೀಟರ್ ಹಾಲು ಕೊಡುತ್ತದೆ ಎಂದು. ಹಾಲಿಗೂ ಆ ಬೆಲೆಗೂ ಸಂಬಂಧವಿಲ್ಲ. ಬ್ರೆಜಿಲಿನವರು ನೆಲೋರೆ ಎನ್ನುವುದು ಆಂಧ್ರದ ಒಂಗೋಲು ದನಗಳ ಸಂತತಿಯನ್ನು. ಅಲ್ಲಿ ಅದನ್ನು ಸಾಕುವುದು ಮಾಂಸಕ್ಕಾಗಿ. ಪಾಲು ಕೊಂಡವರಿಗೆ ಬೇಕಾಗಿದ್ದದ್ದು ಆ ಹಸುವಿನ ಅಂಡಾಣು, ಅಂದರೆ ಮುಂದಿನ ಪೀಳಿಗೆಗಳ ಬೀಜ.

ವಿಚಿತ್ರವೆಂದರೆ ಮಾಂಸದ ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಇದೇ ಡುಬ್ಬವನ್ನು ಅನುಮಾನದಿಂದ ನೋಡುತ್ತಾರೆ. ಅಮೆರಿಕದಲ್ಲಿ 1978ರಲ್ಲಿ ಆರಂಭವಾದ 'ಸರ್ಟಿಫೈಡ್ ಆಂಗಸ್ ಬೀಫ್' ಎಂಬ ಬ್ರಾಂಡಿನ ನಿಯಮದಂತೆ ಡುಬ್ಬ ಎರಡು ಇಂಚು ಮೀರಿದರೆ ಆ ದನದ ಮಾಂಸಕ್ಕೆ ಆ ಮುದ್ರೆ ಸಿಗುವುದಿಲ್ಲ. ಆಸ್ಟ್ರೇಲಿಯಾದ ಕಸಾಯಿಖಾನೆಗಳಲ್ಲಿ ಗುಣಮಟ್ಟ ನೋಡುವವರು ಅಳತೆಪಟ್ಟಿ ಹಿಡಿದು ಡುಬ್ಬದ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ಎತ್ತರ ಹೆಚ್ಚಿದಷ್ಟೂ ಅಂಕ ಇಳಿಯುತ್ತದೆ.

ಡುಬ್ಬ ಇದ್ದರೆ ಮಾಂಸ ಗಟ್ಟಿ ಎಂದು ಏಕೆ ಲೆಕ್ಕ ಹಾಕುತ್ತಾರೆ? ಮೃದುತ್ವವನ್ನು ತಳಿಯಿಂದ ತರಲು ಸಾಧ್ಯವೇ? ಇದನ್ನು ತಿಳಿಯಲು ಡುಬ್ಬವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮಾಂಸ ಎಂದರೆ ಏನು ಎಂಬಲ್ಲಿಂದ ಹೊರಡಬೇಕು.

ಗಟ್ಟಿ ಯಾವುದು, ಮೆತ್ತಗೆ ಯಾವುದು

ನಾಟಿ ಕೋಳಿಗೂ ಫಾರಂ ಕೋಳಿಗೂ ಇರುವ ವ್ಯತ್ಯಾಸ ಮಾಂಸ ತಿನ್ನುವವರಿಗೆಲ್ಲ ಗೊತ್ತು. ಕುರಿ ಮಾಂಸದ ಅಂಗಡಿಯಲ್ಲಿ 'ಬಲಿತದ್ದು ಬೇಡ, ಎಳೆಯದು ಕೊಡಿ' ಎಂದು ಕೇಳುವ ಗಿರಾಕಿಯೂ ಇದೇ ವಿಜ್ಞಾನವನ್ನು ಮಾತನಾಡುತ್ತಿರುತ್ತಾನೆ. ಹಲ್ಲಿಗೆ ಸಿಗುವ ಗಟ್ಟಿತನಕ್ಕೆ ಮುಖ್ಯವಾಗಿ ಎರಡು ಮೂಲಗಳಿವೆ.

ಒಂದು, ಸ್ನಾಯುವಿನ ಎಳೆಗಳು. ತೆಂಗಿನ ನಾರಿನ ಹಗ್ಗವನ್ನು ಬಿಚ್ಚಿ ನೋಡಿ: ಹಗ್ಗದೊಳಗೆ ಹುರಿ, ಹುರಿಯೊಳಗೆ ನಾರು. ಸ್ನಾಯುವೂ ಹಾಗೆಯೇ. ಅತ್ಯಂತ ಸಣ್ಣ ಎಳೆಯೊಳಗೆ ಪ್ರೋಟೀನಿನ ಕಡ್ಡಿಗಳು ಒಂದರೊಳಗೊಂದು ಜಾರುವಂತೆ ಜೋಡಣೆಯಾಗಿರುತ್ತವೆ. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಈ ಕಡ್ಡಿಗಳು ಒಂದಕ್ಕೊಂದು ಬಿಗಿದು ನಿಲ್ಲುತ್ತವೆ. ಹೆಣ ಸೆಟೆದುಕೊಳ್ಳುವುದು ಎನ್ನುತ್ತೇವಲ್ಲ, ಅದೇ.

ಎರಡು, ಈ ಹುರಿಗಳನ್ನು ಕಟ್ಟಿಟ್ಟಿರುವ ಪೊರೆ. ಇದರ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನ್. ವಯಸ್ಸಾದಂತೆ ಕೊಲಾಜನ್ ಎಳೆಗಳ ನಡುವೆ ಗಂಟುಗಳು ಬಿಗಿಯುತ್ತಾ ಹೋಗುತ್ತವೆ. ಬಲಿತ ಮಾಂಸ ಜಗಿಯಲಾಗದಂತೆ ಆಗುವುದು ಇದರಿಂದ. ಆದರೆ ನೀರಿನಲ್ಲಿ ಬಹಳ ಹೊತ್ತು ಬೇಯಿಸಿದರೆ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದ ಮೇಲೆ ಪಾತ್ರೆಯಲ್ಲಿ ಹೆಪ್ಪುಗಟ್ಟಿ ಅಲುಗಾಡುತ್ತದಲ್ಲ, ಆ ಹೆಪ್ಪು ಜೆಲಟಿನ್.

ನಮ್ಮ ಅಡುಗೆಯಲ್ಲಿ ತಳಿಯ ಪ್ರಶ್ನೆ ಏಳದಿರುವುದಕ್ಕೆ ಇದೊಂದು ಕಾರಣ ಎಂದು ನನಗನ್ನಿಸುತ್ತದೆ. ಮಾಂಸ ಗಟ್ಟಿ ಎನಿಸಿದರೆ ಕುಕ್ಕರ್ ಇನ್ನೂ ನಾಲ್ಕು ಸಲ ಕೂಗಲಿ ಎಂದು ಬಿಡುತ್ತೇವೆ. ಸ್ಟೇಕ್ ಎಂಬ ಅಡುಗೆಗೆ ಆ ಅನುಕೂಲವಿಲ್ಲ. ಎರಡು ಬೆರಳು ದಪ್ಪದ ಮಾಂಸದ ತುಂಡನ್ನು ಬಿಸಿ ಕಾವಲಿಯ ಮೇಲೆ ಕೆಲವೇ ನಿಮಿಷ ಸುಟ್ಟು ತಟ್ಟೆಗೆ ಹಾಕುತ್ತಾರೆ. ಅಷ್ಟರಲ್ಲಿ ಏನೂ ಕರಗುವುದಿಲ್ಲ. ಮಾಂಸ ಮೊದಲೇ ಮೃದುವಾಗಿರಬೇಕು.

ಶೀತಕೋಣೆಯಲ್ಲಿ ನಡೆಯುವ ಕತ್ತರಿ ಕೆಲಸ

ಸೆಟೆದುಕೊಂಡ ಮಾಂಸ ಹಾಗೆಯೇ ಉಳಿಯುವುದಿಲ್ಲ. ಸೊನ್ನೆ ಡಿಗ್ರಿಗಿಂತ ಸ್ವಲ್ಪ ಮೇಲಿನ ತಂಪಿನಲ್ಲಿ ಒಂದೆರಡು ವಾರ ಇಟ್ಟರೆ ತಾನಾಗಿ ಮೆತ್ತಗಾಗುತ್ತದೆ. ಬೆಳಿಗ್ಗೆ ಕಡಿದದ್ದನ್ನು ಮಧ್ಯಾಹ್ನ ಬೇಯಿಸುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಸ್ಟೇಕ್ ತಿನ್ನುವ ದೇಶಗಳಲ್ಲಿ ಇದು ಮಾಮೂಲು.

ಈ ಮೃದುತ್ವ ಕೊಳೆಯುವುದರಿಂದ ಬರುವುದಲ್ಲ. ಸ್ನಾಯುವಿನೊಳಗೇ ಕ್ಯಾಲ್ಪೇನ್ ಎಂಬ ಕಿಣ್ವವಿದೆ. ಪ್ರಾಣಿ ಬದುಕಿದ್ದಾಗ ಹಳೆಯ ಪ್ರೋಟೀನುಗಳನ್ನು ಕತ್ತರಿಸಿ ಹೊಸದಕ್ಕೆ ಜಾಗ ಮಾಡಿಕೊಡುವುದು ಅದರ ಕೆಲಸ. ಸತ್ತ ಮೇಲೆ ಜೀವಕೋಶದೊಳಗಿನ ಉಗ್ರಾಣಗಳಿಂದ ಕ್ಯಾಲ್ಸಿಯಂ ಸೋರುತ್ತದೆ, ಕ್ಯಾಲ್ಪೇನಿಗೆ ಬೇಕಾದದ್ದೂ ಅದೇ. ಕತ್ತರಿ ಓಡತೊಡಗುತ್ತದೆ. ಎಳೆಗಳನ್ನು ಬಿಗಿದಿಟ್ಟ ಸಣ್ಣ ಸಣ್ಣ ಕೊಂಡಿಗಳು ಕಡಿದುಹೋಗುತ್ತವೆ, ಹಗ್ಗ ಸಡಿಲವಾಗುತ್ತದೆ.

ಆದರೆ ಬದುಕಿದ ದೇಹದಲ್ಲಿ ಈ ಕತ್ತರಿ ಮನಸ್ಸಿಗೆ ಬಂದಂತೆ ಓಡಿದರೆ ಸ್ನಾಯುವೇ ಉಳಿಯಲಾರದು. ಅದಕ್ಕಾಗಿ ಒಬ್ಬ ಕಾವಲುಗಾರನಿದ್ದಾನೆ, ಹೆಸರು ಕ್ಯಾಲ್ಪಾಸ್ಟಾಟಿನ್. ಕ್ಯಾಲ್ಪೇನಿನ ಕೈ ಹಿಡಿದು ನಿಲ್ಲಿಸುವುದಷ್ಟೇ ಅವನ ಉದ್ಯೋಗ. ಮಾಂಸ ಎಷ್ಟು ಬೇಗ ಮೆತ್ತಗಾಗುತ್ತದೆ ಎಂಬುದು ಕತ್ತರಿ ಮತ್ತು ಕಾವಲುಗಾರರ ಈ ಜಗ್ಗಾಟದ ಫಲ. ಕಾವಲುಗಾರ ಹೆಚ್ಚಿದ್ದರೆ ಹದಿನಾಲ್ಕು ದಿನ ಇಟ್ಟರೂ ಮಾಂಸ ಬಿಗಿಯಾಗಿಯೇ ಉಳಿಯಬಹುದು.

ತಳಿ ಇಲ್ಲಿ ಬಂದು ಸೇರಿಕೊಳ್ಳುತ್ತದೆ. ಕ್ಯಾಲ್ಪಾಸ್ಟಾಟಿನ್ ಎಷ್ಟು ತಯಾರಾಗಬೇಕು ಎಂಬುದರಲ್ಲಿ ಅಪ್ಪ ಅಮ್ಮನಿಂದ ಬಂದ ವಂಶವಾಹಿಗಳಿಗೂ ಪಾಲಿದೆ. ಡುಬ್ಬದ ದನಗಳ ಮಾಂಸದಲ್ಲಿ ಅದರ ಚಟುವಟಿಕೆ ಸರಾಸರಿಯಾಗಿ ಹೆಚ್ಚು.

ಗಟ್ಟಿತನವನ್ನು ಅಳೆಯುವ ಮೊಂಡು ಕತ್ತಿ

ಸರಾಸರಿ ಎನ್ನಬೇಕಾದರೆ ಅಳತೆ ಬೇಕು. ಒಬ್ಬನ ಹಲ್ಲಿಗೆ ಮೆತ್ತಗಿರುವುದು ಇನ್ನೊಬ್ಬನಿಗೆ ಗಟ್ಟಿಯಾಗಬಹುದು. ವಾರ್ನರ್ ಮತ್ತು ಬ್ರಾಟ್ಜ್ಲರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರ ಹೆಸರಿನ ಸಾಧನ ಸುಮಾರು ಒಂದು ಶತಮಾನದ ಹಿಂದೆ ರೂಪುಗೊಂಡಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ಅದೇ ನಡೆಯುತ್ತಿದೆ.

ಕೆಲಸ ನೋಡಲು ಸರಳ. ಬೆನ್ನಿನ ಭಾಗದ ಸ್ಟೇಕನ್ನು ಒಳಗಿನ ಉಷ್ಣತೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸುತ್ತಾರೆ, ಆರಿಸುತ್ತಾರೆ. ಟೊಳ್ಳು ಕೊಳವೆಯಂಥ ಉಪಕರಣವನ್ನು ನಾರು ಹೋಗುವ ದಿಕ್ಕಿಗೇ ತಿರುಗಿಸುತ್ತಾ ಒತ್ತಿ, ಸೀಮೆಸುಣ್ಣದ ಕಡ್ಡಿಯಷ್ಟು ದಪ್ಪದ, ಅಂದರೆ 1.27 ಸೆಂಟಿಮೀಟರ್ ಅಗಲದ ತುಂಡುಗಳನ್ನು ಹೊರತೆಗೆಯುತ್ತಾರೆ. ಒಂದು ಸ್ಟೇಕಿನಿಂದ ಆರೋ ಏಳೋ ತುಂಡು. ಒಂದೊಂದನ್ನೂ ಇಂಗ್ಲಿಷಿನ 'ವಿ' ಅಕ್ಷರದಂತೆ ಕೊರೆದ ಮೊಂಡು ಕತ್ತಿಯೊಳಗೆ ಇಟ್ಟು, ನಾರಿಗೆ ಅಡ್ಡಲಾಗಿ ಕತ್ತರಿಸುತ್ತಾರೆ. ಕತ್ತಿ ಹರಿತವಾಗಿದ್ದರೆ ಎಲ್ಲವೂ ಸುಲಭವಾಗಿ ತುಂಡಾಗಿ ವ್ಯತ್ಯಾಸವೇ ತಿಳಿಯದು, ಹಲ್ಲೂ ಹರಿತವಲ್ಲವಲ್ಲ. ಕತ್ತರಿಸಲು ಬೇಕಾದ ಗರಿಷ್ಠ ಬಲವನ್ನು ಯಂತ್ರ ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ. ಅಮೆರಿಕದ ಮಾನದಂಡದಂತೆ 4.4 ಕಿಲೋ ಅಥವಾ ಅದಕ್ಕಿಂತ ಕಡಿಮೆ ಬಂದರೆ 'ಮೃದು', 3.9ರೊಳಗೆ ಇದ್ದರೆ 'ಬಹಳ ಮೃದು' ಎಂಬ ಪ್ರಮಾಣಪತ್ರ ಸಿಗುತ್ತದೆ.

ಈ ಯಂತ್ರವನ್ನು ಹಗಲಿರುಳು ಓಡಿಸಿದ ಜಾಗಗಳಲ್ಲೊಂದು ಅಮೆರಿಕದ ನೆಬ್ರಾಸ್ಕಾದ ಕ್ಲೇ ಸೆಂಟರ್ ಎಂಬ ಊರಿನಲ್ಲಿರುವ ಸರ್ಕಾರಿ ಮಾಂಸಪ್ರಾಣಿ ಸಂಶೋಧನಾ ಕೇಂದ್ರ. 1969ರಿಂದ ಅಲ್ಲಿ ಬೇರೆ ಬೇರೆ ತಳಿಯ ಹೋರಿಗಳಿಂದ ಕರು ಹಾಕಿಸಿ, ಒಂದೇ ಬಗೆಯಲ್ಲಿ ಸಾಕಿ, ಮಾಂಸವನ್ನು ಹೋಲಿಸಿ ನೋಡಿದರು. ಡುಬ್ಬದ ದನದ ರಕ್ತದ ಪಾಲು ಏರಿದಂತೆ ಕತ್ತರಿಸಲು ಬೇಕಾದ ಬಲವೂ ಏರುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ನಮ್ಮ ದನ ಅಲ್ಲಿಗೆ ಹೋದದ್ದು ಏಕೆ

ದನವನ್ನು ಮನುಷ್ಯ ಪಳಗಿಸಿದ್ದು ಒಂದೇ ಕಡೆಯಲ್ಲ. ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಳಗಿದ ದನಗಳಿಂದ ಯುರೋಪಿನ ಡುಬ್ಬವಿಲ್ಲದ ತಳಿಗಳು ಬಂದವು: ಆಂಗಸ್, ಹೆರ್‌ಫರ್ಡ್, ಹಾಲಿನ ಹೋಲ್‌ಸ್ಟೀನ್, ಜರ್ಸಿ. ಸಿಂಧೂ ಕಣಿವೆಯ ಆಸುಪಾಸಿನಲ್ಲಿ ಬೇರೆಯಾಗಿ ಪಳಗಿದವು ಡುಬ್ಬದವು. ಈ ಗುಂಪನ್ನು ಜಗತ್ತು ಝೇಬು ಎನ್ನುತ್ತದೆ. ಹಳ್ಳಿಕಾರ್, ಅಮೃತ ಮಹಲ್, ಮಲೆನಾಡು ಗಿಡ್ಡ, ಗಿರ್, ಒಂಗೋಲು ಎಲ್ಲವೂ ಈ ಕಡೆಯವೇ.

ಯುರೋಪಿನ ದನಗಳನ್ನು ಟೆಕ್ಸಸ್‌ನ ಬಿಸಿಲಿಗೂ ಬ್ರೆಜಿಲಿನ ರಕ್ತ ಹೀರುವ ಉಣ್ಣೆ ಹುಳುಗಳಿಗೂ ಬಿಟ್ಟಾಗ ಅವು ಸೊರಗಿದವು. ಝೇಬುಗಳಿಗೆ ಬಿಸಿಲು ತಡೆಯುವ ಚರ್ಮವಿದೆ, ಉಣ್ಣೆ ಬೇಗ ಹಿಡಿಯುವುದಿಲ್ಲ, ಒಣ ಹುಲ್ಲು ತಿಂದೂ ಬದುಕುತ್ತವೆ. ಹಾಗಾಗಿ ಹತ್ತೊಂಬತ್ತನೆಯ ಶತಮಾನದಿಂದಲೇ ಭಾರತದ ಹೋರಿಗಳು ಹಡಗು ಹತ್ತಿದವು. ಅಮೆರಿಕದವರು ಅವುಗಳಿಂದ ಕಟ್ಟಿದ ತಳಿಗೆ ಬ್ರಾಹ್ಮನ್ ಎಂದು ಹೆಸರಿಟ್ಟು, 1924ರಲ್ಲಿ ಅದಕ್ಕೊಂದು ಸಂಘವನ್ನೂ ಕಟ್ಟಿಕೊಂಡರು. ಆ ತಳಿಯ ಮೂಲವೆಂದು ಹೇಳುವ ಹೆಸರುಗಳಲ್ಲಿ ಗಿರ್, ಕಾಂಕ್ರೇಜ್, ಒಂಗೋಲುಗಳ ಜೊತೆ ನಮ್ಮ ಕೃಷ್ಣಾ ವ್ಯಾಲಿ ತಳಿಯೂ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆ ಹೊಲಗಳಲ್ಲಿ ನೇಗಿಲು ಎಳೆಯಲೆಂದು ರೂಪಿಸಿದ, ಈಗ ಹುಡುಕಿದರೂ ಸುಲಭವಾಗಿ ಸಿಗದ ದನ ಅದು. ಬ್ರೆಜಿಲಿನಲ್ಲಂತೂ ಇಂದು ಶೇಕಡ 80ರಷ್ಟು ದನಗಳು ಝೇಬು ವಂಶದವು.

ಇಲ್ಲಿ ಒಂದು ಮಾತು ನೆನಪಿಡಬೇಕು. ನಮ್ಮ ತಳಿಗಳನ್ನು ಆರಿಸಿದವರ ಕಣ್ಣ ಮುಂದೆ ಮಾಂಸ ಇರಲೇ ಇಲ್ಲ. ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳನ್ನು ಕಾವಲುಗಳಲ್ಲಿ ಮೇಯಿಸಿ ಬೆಳೆಸಿದ್ದು ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಹೊತ್ತು ವೇಗವಾಗಿ ನಡೆಯಲು. ಎತ್ತಿನ ಕಾಲು, ಗೊರಸು, ದಮ್ಮು ನೋಡಿ ಆರಿಸಿದರು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಂತೆ ಹಸು, ಎತ್ತು, ಹೋರಿ, ಕರುಗಳ ವಧೆಗೆ ನಿಷೇಧವಿದೆ. ಮಾಂಸಕ್ಕಾಗಿ ದನದ ತಳಿ ರೂಪಿಸುವ ಪ್ರಶ್ನೆ ಇಲ್ಲಿ ಇಂದಿಗೂ ಇಲ್ಲ. ಸ್ಕಾಟ್ಲೆಂಡಿನ ಆಂಗಸ್ ಸಾಕಣೆಗಾರರು ತಲೆಮಾರುಗಳಿಂದ ನೋಡಿದ್ದು ಬೇಗ ಮೈತುಂಬುವ, ಒಳಗೆ ಕೊಬ್ಬು ಕಟ್ಟುವ ದನಗಳನ್ನು. ಎರಡನ್ನೂ ಒಂದೇ ಮೊಂಡು ಕತ್ತಿಗೆ ಕೊಟ್ಟಾಗ ಬೇರೆ ಬೇರೆ ಅಂಕಿ ಬರುವುದರಲ್ಲಿ ಆಶ್ಚರ್ಯವೇನಿಲ್ಲ.

ಬಿಸಿಲು ತಡೆಯಬೇಕು, ಮಾಂಸವೂ ಮೆತ್ತಗಿರಬೇಕು ಎಂದವರು ಬೆರಕೆಯ ದಾರಿ ಹಿಡಿದರು. ಟೆಕ್ಸಸ್‌ನ ಕಿಂಗ್ ರಾಂಚ್‌ನಲ್ಲಿ ಹುಟ್ಟಿ 1940ರಲ್ಲಿ ಮಾನ್ಯತೆ ಪಡೆದ ಸಾಂತಾ ಗರ್ಟ್ರೂಡಿಸ್ ತಳಿಯಲ್ಲಿ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಶಾರ್ಟ್‌ಹಾರ್ನ್. ಬ್ರಾಂಗಸ್ ತಳಿಯಲ್ಲೂ ಅದೇ ಲೆಕ್ಕ, ಶಾರ್ಟ್‌ಹಾರ್ನ್ ಬದಲು ಆಂಗಸ್. ಬ್ರೆಜಿಲಿನಲ್ಲಿ ನೆಲೋರೆ ಹಸುಗಳಿಗೆ ಆಂಗಸ್ ವೀರ್ಯ ಕೊಡಿಸಿ ಅರ್ಧ ನೆಲೋರೆ, ಅರ್ಧ ಆಂಗಸ್ ಆದ ಕರುಗಳನ್ನು ಪಡೆಯುವುದು ಈಗ ದೊಡ್ಡ ವ್ಯವಹಾರ.

ಕೊಬ್ಬಿನ ಗೆರೆಗಳು

ಮೃದುತ್ವದ ಜೊತೆ ಸದಾ ಕೇಳಿಬರುವ ಇನ್ನೊಂದು ಪದ ಮಾರ್ಬ್ಲಿಂಗ್. ಅಮೃತಶಿಲೆಯ ಗೆರೆಗಳಂತೆ ಕೆಂಪು ಮಾಂಸದ ಒಳಗೆ ಹರಡಿದ ಬಿಳಿ ಕೊಬ್ಬು. ಚರ್ಮದಡಿ ಕಟ್ಟುವ ಕೊಬ್ಬು ಬೇರೆ, ಇದು ಬೇರೆ. ಬೆಂದಾಗ ಇದು ಕರಗಿ ಬಾಯಿಗೆ ರಸ ಕೊಡುತ್ತದೆ, ಪರಿಮಳ ಕೊಡುತ್ತದೆ. ಮೃದುತ್ವಕ್ಕೆ ಅದರ ನೇರ ಕೊಡುಗೆ ಜನ ಅಂದುಕೊಂಡದ್ದಕ್ಕಿಂತ ಕಡಿಮೆ.

ಇದರ ತುತ್ತತುದಿ ಜಪಾನಿನ ವಾಗ್ಯು. ಆ ಪದಕ್ಕೆ 'ಜಪಾನಿ ದನ' ಎಂದಷ್ಟೇ ಅರ್ಥ. ಅಚ್ಚರಿಯೆಂದರೆ ಈ ದನಗಳೂ ಮೂಲತಃ ಗದ್ದೆ ಉಳುತ್ತಿದ್ದವು. ಬೌದ್ಧ ಪ್ರಭಾವದಿಂದ ಅಲ್ಲಿ ಶತಮಾನಗಳ ಕಾಲ ದನದ ಮಾಂಸಕ್ಕೆ ನಿರ್ಬಂಧವಿತ್ತು. 1868ರಲ್ಲಿ ಆರಂಭವಾದ ಮೇಜಿ ಆಡಳಿತದಲ್ಲಿ ಅದು ಸಡಿಲವಾಯಿತು. ಯುರೋಪಿನ ಹೋರಿಗಳನ್ನು ತರಿಸಿ ಕೆಲಕಾಲ ಬೆರಕೆ ಮಾಡಿದರು, ಮತ್ತೆ ನಿಲ್ಲಿಸಿದರು, ಆಮೇಲೆ ಒಳಗೊಳಗೇ ಆರಿಸುತ್ತಾ ಬಂದರು. ಇಂದು ಕಪ್ಪು ವಾಗ್ಯುವಿನ ಒಳ್ಳೆಯ ತುಂಡಿನಲ್ಲಿ ಮೂರನೇ ಒಂದು ಭಾಗ ಕೊಬ್ಬೇ ಇರುವುದುಂಟು. ಜಪಾನ್ ಈ ಗೆರೆಗಳಿಗೆ 1ರಿಂದ 12ರವರೆಗೆ ಅಂಕ ಕೊಡುತ್ತದೆ. ವಾಗ್ಯುವಿನಲ್ಲೇ ಹೆಸರಾದ ಕೋಬೆ ಎಂಬ ಮುದ್ರೆ ಬೇಕಾದರೆ ಹ್ಯೋಗೊ ಪ್ರಾಂತದ ತಾಜಿಮಾ ವಂಶದ ದನವಾಗಿರಬೇಕು, ಅಂಕ ಕನಿಷ್ಠ 6 ಇರಬೇಕು. ವಿದೇಶದ ಹೋಟೆಲುಗಳಲ್ಲಿ ವಾಗ್ಯು ಎಂದು ಬರೆದದ್ದೆಲ್ಲ ಇದಲ್ಲ. ಅದರಲ್ಲಿ ಬಹುಪಾಲು 1976ರಿಂದ 1990ರ ದಶಕದವರೆಗೆ ಜಪಾನಿನಿಂದ ಹೊರಹೋದ ಕೆಲವೇ ದನಗಳ ವಂಶವನ್ನು ಆಂಗಸ್‌ನಂಥ ತಳಿಗಳೊಡನೆ ಬೆರಸಿ ಪಡೆದದ್ದು.

ಎರಡು ದಪ್ಪ ತೊಡೆಗಳ ಕಥೆ

ಮಾಂಸ ಹೆಚ್ಚಾದರೆ ಗಟ್ಟಿಯಾಗುತ್ತದೆಯೇ? ಎರಡು ಪ್ರಾಣಿಗಳು ತದ್ವಿರುದ್ಧ ಉತ್ತರ ಕೊಡುತ್ತವೆ.

ಬೆಲ್ಜಿಯನ್ ಬ್ಲೂ ಎಂಬ ದನ ಕುಸ್ತಿಪಟುವಿನಂತೆ ಕಾಣುತ್ತದೆ. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೊಸ್ಟಾಟಿನ್ ಎಂಬ ವಂಶವಾಹಿಯಲ್ಲಿ ಡಿಎನ್ಎಯ 11 ಅಕ್ಷರಗಳು ಬಿಟ್ಟುಹೋಗಿ ಅದು ಕೆಲಸ ಮಾಡುತ್ತಿಲ್ಲ ಎಂಬುದು 1997ರಲ್ಲಿ ಪತ್ತೆಯಾಯಿತು. ಆ ದನದಲ್ಲಿ ಎಳೆಗಳ ಸಂಖ್ಯೆ ಹೆಚ್ಚು, ಕಟ್ಟುವ ಪೊರೆ ಕಡಿಮೆ, ಕೊಬ್ಬು ಇನ್ನೂ ಕಡಿಮೆ. ಮಾಂಸ ಮೃದು. ಆದರೆ ಕರು ಎಷ್ಟು ದಪ್ಪವೆಂದರೆ ಹೆರಿಗೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು.

ಇನ್ನೊಂದು ದನವಲ್ಲ, ಕುರಿ. 1983ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಹುಟ್ಟಿದ ಒಂದು ಟಗರಿಗೆ ಹಿಂಭಾಗ ಅಸಾಧಾರಣವಾಗಿ ತುಂಬಿಕೊಂಡಿತ್ತು. ಅದರ ಮರಿಗಳಿಗೂ ಹಾಗೆಯೇ ಬಂತು. ಸಾಕುವವರು ಹಿಗ್ಗಿದರು, ತಿಂದವರು ಮುಖ ಹಿಂಡಿದರು: ಮಾಂಸ ಜಗಿಯಲಾಗದಷ್ಟು ಗಟ್ಟಿ. ಪರೀಕ್ಷಿಸಿದರೆ ಸ್ನಾಯುವಿನಲ್ಲಿ ಕ್ಯಾಲ್ಪಾಸ್ಟಾಟಿನ್ ತುಂಬಿತ್ತು. ಪ್ರೋಟೀನ್ ಒಡೆಯಲು ಕಾವಲುಗಾರ ಬಿಡದಿರುವುದರಿಂದ ಸ್ನಾಯು ಬೆಳೆದಿತ್ತು. ಅದೇ ಕಾರಣಕ್ಕೆ ಸತ್ತ ಮೇಲೂ ಸಡಿಲವಾಗಲಿಲ್ಲ. ಕತ್ತರಿ-ಕಾವಲುಗಾರರ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇರೆ ಕಂಡಿಲ್ಲ.

ತಿನ್ನದೆ ರುಚಿ ತಿಳಿಯುವುದು ಹೇಗೆ

ಮಾವಿನ ಹಣ್ಣು ತಿಂದು ರುಚಿ ಹಿಡಿಸಿದರೆ ಅದೇ ಮರದಿಂದ ಕಸಿ ಕಟ್ಟಬಹುದು. ಹೋರಿಯ ವಿಷಯದಲ್ಲಿ ಅದು ಆಗುವುದಿಲ್ಲ, ರುಚಿ ನೋಡುವಷ್ಟರಲ್ಲಿ ಮರವೇ ಹೋಗಿರುತ್ತದೆ. ಮೃದುತ್ವಕ್ಕಾಗಿ ತಳಿ ಆರಿಸುವುದರ ದೊಡ್ಡ ತೊಡಕು ಇದು.

ಹಳೆಯ ಉಪಾಯ, ಮಕ್ಕಳನ್ನು ನೋಡಿ ತಂದೆಯನ್ನು ಅಳೆಯುವುದು. ಒಂದು ಹೋರಿಯ ಹತ್ತಾರು ಕರುಗಳ ಮಾಂಸವನ್ನು ಪರೀಕ್ಷಿಸಿ ಹೋರಿಗೆ ಅಂಕ ಕೊಡುತ್ತಾರೆ. ಇದಕ್ಕೆ ವರ್ಷಗಳೇ ಬೇಕು, ಖರ್ಚೂ ವಿಪರೀತ. ಕೊಬ್ಬಿನ ಗೆರೆಗಳನ್ನಾದರೆ ಬದುಕಿದ ದನದ ಬೆನ್ನಿಗೆ ಅಲ್ಟ್ರಾಸೌಂಡ್ ಹಿಡಿದು ಅಂದಾಜು ಮಾಡಬಹುದು. ಮೃದುತ್ವ ಆ ಯಂತ್ರಕ್ಕೆ ಕಾಣುವುದಿಲ್ಲ.

2000ದ ನಂತರ ಡಿಎನ್ಎ ಪರೀಕ್ಷೆ ಬಂತು. ಕ್ಯಾಲ್ಪೇನ್ ಮತ್ತು ಕ್ಯಾಲ್ಪಾಸ್ಟಾಟಿನ್ ವಂಶವಾಹಿಗಳಲ್ಲಿ ಮೃದುತ್ವದ ಕಡೆಗೆ ವಾಲುವ ಅಕ್ಷರ ವ್ಯತ್ಯಾಸಗಳನ್ನು ಗುರುತಿಸಿದರು. ಬಾಲದ ಕೂದಲಿನ ಬುಡ ಸಾಕು, ಕರುವಾಗಿದ್ದಾಗಲೇ ಹೇಳಬಹುದು. ಯುರೋಪಿನ ತಳಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಕ್ಯಾಲ್ಪೇನ್ ಗುರುತೊಂದು ಬ್ರಾಹ್ಮನ್ ದನಗಳ ಮುಂದೆ ನಿರುಪಯೋಗಿಯಾಯಿತು. ಒಳ್ಳೆಯ ರೂಪ ಆ ತಳಿಯಲ್ಲಿ ಸಿಗುವುದೇ ಅಪರೂಪ. ಕ್ಲೇ ಸೆಂಟರಿನವರು ಎರಡೂ ಕಡೆ ನಡೆಯುವ ಬೇರೆ ಗುರುತನ್ನು ಹುಡುಕಬೇಕಾಯಿತು. ಈಗ ಒಂದೆರಡು ಗುರುತುಗಳ ಬದಲು ಸಾವಿರಾರು ಗುರುತುಗಳನ್ನು ಒಟ್ಟಿಗೆ ನೋಡಿ ಅಂಕ ಕೊಡುವ ಪದ್ಧತಿ ನಡೆದಿದೆ.

ಇಷ್ಟಾದರೂ ವಂಶದ ಪಾಲು ಎಷ್ಟು? ಒಂದೇ ತಳಿಯ, ಒಂದೇ ಬಗೆಯಲ್ಲಿ ಸಾಕಿದ ದನಗಳ ಮೃದುತ್ವದಲ್ಲಿ ಕಾಣುವ ಏರುಪೇರಿನ ಸುಮಾರು ಶೇಕಡ 30ರಷ್ಟನ್ನು ಮಾತ್ರ ವಂಶವಾಹಿಗಳು ವಿವರಿಸುತ್ತವೆ. ಕೊಬ್ಬಿನ ಗೆರೆಗೆ ಈ ಪಾಲು ಶೇಕಡ 40ರ ಆಸುಪಾಸು. ಉಳಿದದ್ದು ವಯಸ್ಸು, ಮೇವು, ಕೊಲ್ಲುವ ಮುನ್ನಿನ ಗಾಬರಿ, ತಂಪು ಮಾಡಿದ ವೇಗ, ತೂಗುಹಾಕಿದ ರೀತಿ. ಹೌದು, ತೂಗುಹಾಕುವುದೂ. ಹಿಂಗಾಲಿನ ಹಿಮ್ಮಡಿಯ ಸ್ನಾಯುರಜ್ಜುವಿನಿಂದ ನೇತುಹಾಕುವ ಬದಲು ಸೊಂಟದ ಮೂಳೆಯಿಂದ ನೇತುಹಾಕಿದರೆ ಬೆನ್ನು ಮತ್ತು ತೊಡೆಯ ಸ್ನಾಯುಗಳು ಎಳೆದ ಸ್ಥಿತಿಯಲ್ಲೇ ಸೆಟೆದುಕೊಳ್ಳುತ್ತವೆ, ಮಾಂಸ ಮೃದುವಾಗುತ್ತದೆ. ಹೀಗೆ ಮಾಡಿದಾಗ ಡುಬ್ಬದ ದನಕ್ಕೂ ಇತರ ದನಕ್ಕೂ ಇರುವ ಅಂತರ ಕಿರಿದಾಗುತ್ತದೆ. ಆಸ್ಟ್ರೇಲಿಯಾದ ಅಂಕಪದ್ಧತಿ ಡುಬ್ಬದ ಎತ್ತರದ ಜೊತೆಗೆ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಒಂದೊಂದು ಭಾಗದ ಮಾಂಸಕ್ಕೂ ಬೇರೆ ಅಂಕ ಕೊಡುತ್ತದೆ. ಡುಬ್ಬದ ದನಗಳಲ್ಲೂ ಮೆತ್ತಗಿನ ಮಾಂಸದವು ಸಾಕಷ್ಟಿವೆ, ಆಂಗಸ್‌ನಲ್ಲೂ ಗಟ್ಟಿಯವಿವೆ. ಡುಬ್ಬ ಒಂದು ಸುಳಿವು ಮಾತ್ರ.

ಅಂದಹಾಗೆ, ಆ ಡುಬ್ಬ ಏನಾಗುತ್ತದೆ? ಬ್ರೆಜಿಲಿನ ಸುಟ್ಟ ಮಾಂಸದ ಹೋಟೆಲುಗಳಲ್ಲಿ ಅದನ್ನು ಬೇರೆಯಾಗಿಯೇ ಕೇಳಿ ತರಿಸಿಕೊಳ್ಳುತ್ತಾರೆ. ಹೆಸರು ಕುಪಿಂ, ಪೋರ್ಚುಗೀಸಿನಲ್ಲಿ ಗೆದ್ದಲಿಗೂ ಅದೇ ಪದ. ನಾರು ಮತ್ತು ಕೊಬ್ಬು ಹೆಣೆದುಕೊಂಡಿರುವ ಆ ಮುದ್ದೆಯನ್ನು ಹಾಗೆಯೇ ಸುಟ್ಟರೆ ಹಲ್ಲು ಹೂಡಲಾಗದು. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಕೆಂಡದ ಮೇಲೆ ಗಂಟೆಗಟ್ಟಲೆ ಇಡುತ್ತಾರೆ. ಕೊಬ್ಬು ಕರಗಿ, ಕೊಲಾಜನ್ ನಮ್ಮ ಕಾಲು ಸೂಪಿನಲ್ಲಿ ಆಗುವಂತೆಯೇ ಜೆಲಟಿನ್ ಆಗಿ, ಕೊನೆಗೆ ಚಮಚ ತಾಗಿದರೆ ಎಳೆ ಎಳೆಯಾಗಿ ಬಿಡಿಸಿಕೊಂಡು ಬೀಳುತ್ತದೆ.